ನೂರಕ್ಕೆ ಐವತ್ತಾರು

"ಮತ್ತ ಉಳಿದ ನಲವತ್ನಾಲ್ಕು ಗ್ರಾಂ ಎಲ್ಲಿ ಹೋತು?"

ಗೋಡೆಯ ಆಚೆ ಜಾಸ್ಮೀನ ಟೀಚರು ಆ ಪ್ರಶ್ನೆ ಕೇಳಿದ್ದು ಹತ್ತನೆಯ ತರಗತಿಯ ಮಕ್ಕಳಿಗೆ. ಗೋಡೆಯ ಈಚೆ, ಬಿಸಿಯೂಟದ ಕೋಣೆಯಲ್ಲಿ, ಅಕ್ಕಿ ತೊಳೆಯುತ್ತಿದ್ದ ರೇಣುಕಮ್ಮನ ಕೈ ನೀರಿನೊಳಗೇ ನಿಂತಿತು.

ಕುಕನೂರಿನ ಆ ಹೈಸ್ಕೂಲಿನಲ್ಲಿ ಅಡುಗೆಕೋಣೆಗೂ ಹತ್ತನೆಯ ತರಗತಿಗೂ ನಡುವೆ ಇರುವುದು ಒಂದೇ ಗೋಡೆ, ಅದಕ್ಕೊಂದು ಕಿಟಕಿ. ಹನ್ನೊಂದು ವರ್ಷದಿಂದ ಸೌಟು ಹಿಡಿದಿದ್ದ ರೇಣುಕಮ್ಮ ಆ ಕಿಟಕಿಯಿಂದ ಕೇಳದ ಪಾಠವಿಲ್ಲ. ಆದರೆ ಮೊದಲಿದ್ದ ವಿಜ್ಞಾನದ ಮಾಸ್ತರು ಪುಸ್ತಕ ಹಿಡಿದು ಬರೆಸುತ್ತಿದ್ದರೇ ಹೊರತು ಬಿಡಿಸಿ ಹೇಳಿದವರಲ್ಲ. ಮೋಲು, ಬಂಧ, ಸಮೀಕರಣ ಎಲ್ಲವೂ ಒಗ್ಗರಣೆಯ ಸದ್ದಿನಲ್ಲಿ ಕಲಸಿ ಹೋಗುತ್ತಿದ್ದವು. ಈ ವರ್ಷ ಗಂಗಾವತಿಯಿಂದ ಬಂದ ಜಾಸ್ಮೀನ ಟೀಚರು ಹಾಗಲ್ಲ. ಎದುರಿಗೆ ಕೂತವರ ಮಾತಿನಲ್ಲೇ ಮಾತಾಡುತ್ತಾರೆ, ಗೊತ್ತಾಗದಿದ್ದರೆ ಮತ್ತೆ ಹೇಳುತ್ತಾರೆ.

"ಸುಣ್ಣದಕಲ್ಲು ಒಂದು ಮೋಲ್ ಅಂದ್ರ ನೂರು ಗ್ರಾಂ. ಅದನ್ನ ಸುಟ್ರ ನಮ್ಮ ಕೈಗೆ ಬರೋ ಸುಣ್ಣ ಐವತ್ತಾರು ಗ್ರಾಂ ಅಷ್ಟ. ಉಳಿದ ನಲವತ್ನಾಲ್ಕು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗ್ತೈತಿ. ಯಾರೂ ಕದ್ದಿಲ್ಲಪಾ, ಹಂಗ ನನ್ನ ನೋಡಬ್ಯಾಡ್ರಿ."

ಮಕ್ಕಳು ನಕ್ಕರು. ಒಲೆಯ ಮೇಲಿನ ಬೇಳೆ ಉಕ್ಕಿ ಹರಿಯುತ್ತಿದ್ದರೂ ರೇಣುಕಮ್ಮನಿಗೆ ಎಚ್ಚರವಿಲ್ಲ. ಜೊತೆಗೆ ಅಡುಗೆ ಮಾಡುವ ಗೌಸಬೀ ಓಡಿ ಬಂದು ಉರಿ ಸಣ್ಣಗೆ ಮಾಡಿ, ಏನಾಗಿದೆ ನಿನಗೆ ಇವತ್ತು ಎಂದು ಗದರಿದಳು.

ಆಗಿದ್ದು ಇವತ್ತಲ್ಲ, ಇಪ್ಪತ್ತೈದು ವರ್ಷದ ಹಿಂದೆ.

ರೇಣುಕಮ್ಮ ಹುಟ್ಟಿದ್ದು ಸುಣಗಾರರ ಮನೆಯಲ್ಲಿ. ಅಪ್ಪ ಹನುಮಂತಪ್ಪನ ಸುಣ್ಣದ ಭಟ್ಟಿ ಊರ ಹೊರಗೆ ಹಳ್ಳದ ದಂಡೆಯಲ್ಲಿತ್ತು. ಒಂದು ಪದರ ಕಲ್ಲು, ಒಂದು ಪದರ ಇದ್ದಿಲು ಹಾಕಿ ಬೆಂಕಿ ಕೊಟ್ಟರೆ ಎರಡು ದಿನ ಉರಿಯುತ್ತಿತ್ತು. ಅಜ್ಜ ಮುತ್ತಜ್ಜನ ಕಾಲದಿಂದ ಅವರದು ಬುಟ್ಟಿಯ ಅಳತೆ. ನೂರು ಬುಟ್ಟಿ ಕಲ್ಲು ಹಾಕಿದರೆ ಹೆಚ್ಚು ಕಡಿಮೆ ನೂರು ಬುಟ್ಟಿ ಸುಣ್ಣ, ಯಾಕೆಂದರೆ ಸುಟ್ಟ ಕಲ್ಲು ಗಾತ್ರದಲ್ಲಿ ಕುಗ್ಗುವುದಿಲ್ಲ. ಕೈಗೆ ಹಗುರ ಅನಿಸುವುದು ಎಲ್ಲರಿಗೂ ಗೊತ್ತಿತ್ತು. ಒಳಗಿನ ಹಸಿ ಆರಿರಬೇಕು ಅಂದುಕೊಂಡು ಸುಮ್ಮನಾಗುತ್ತಿದ್ದರು. ಎಷ್ಟು ಹಗುರ ಎಂದು ತೂಗಿ ನೋಡುವ ಗೊಡವೆಗೆ ಯಾರೂ ಹೋದವರಲ್ಲ.

ಅವಳಿಗೆ ಹದಿನೇಳು ನಡೆಯುತ್ತಿದ್ದಾಗ ಹನುಮಂತಪ್ಪನಿಗೆ ತೂಗುವ ಕಾಟಾದ ಹುಚ್ಚು ಹತ್ತಿತು. ಗದಗಿನ ಸುಣ್ಣದ ವ್ಯಾಪಾರಿಯೊಬ್ಬ ಇನ್ನು ಮುಂದೆ ಬುಟ್ಟಿ ಬೇಡ, ತೂಕದ ಮೇಲೆ ಕೊಡಿ ಎಂದದ್ದೇ ನೆವ. ಅಡತಿ ಅಂಗಡಿಯಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಕಾಟಾ ತಂದು ಭಟ್ಟಿಯ ಮುಂದೆ ನಿಲ್ಲಿಸಿದ. ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಕಾಯಿಯನ್ನೂ ಒಡೆಸಿದ, ಆ ಗತ್ತು ನೋಡಬೇಕಿತ್ತು! ಆ ಸಲ ಹತ್ತು ಕ್ವಿಂಟಲ್ ಕಲ್ಲನ್ನು ತೂಗಿ ಭಟ್ಟಿಗೆ ಹಾಕಿದರು. ಆರಿದ ಮೇಲೆ ಸುಣ್ಣ ತೆಗೆದು ತೂಗಿದರೆ ಐದು ಕ್ವಿಂಟಲ್ ಎಪ್ಪತ್ತೆರಡು ಕಿಲೋ. ಎರಡು ಸಲ ತೂಗಿದರು, ಮೂರು ಸಲ ತೂಗಿದರು. ಅಷ್ಟೇ.

ಆ ಎರಡು ದಿನವೂ ಭಟ್ಟಿ ಕಾದವನು ವಿರುಪಾಕ್ಷಿ.

ವಿರುಪಾಕ್ಷಿ ಯಲಬುರ್ಗಾದ ಕಡೆಯ ಹುಡುಗ, ಇಪ್ಪತ್ತರವನು, ಮೂರು ವರ್ಷದಿಂದ ಅವರ ಭಟ್ಟಿಯ ಆಳು. ಮಧ್ಯಾಹ್ನ ಅವನ ಬುತ್ತಿ ಒಯ್ಯುವ ಕೆಲಸ ರೇಣುಕಮ್ಮನದು. ಅವನು ರೊಟ್ಟಿ ತಿಂದು, ಬುತ್ತಿಯ ಅರಿವೆಯನ್ನು ಹಳ್ಳದಲ್ಲಿ ಹಿಂಡಿ, ಅದರೊಳಗೆ ದಂಡೆಯ ಬೋರೆಗಿಡದ ನಾಲ್ಕು ಬಾರಿಹಣ್ಣು ಕಟ್ಟಿ ಕೊಡುತ್ತಿದ್ದ. ಅವಳು ಅದನ್ನು ದಾರಿಯಲ್ಲೇ ತಿಂದು ಮುಗಿಸುತ್ತಿದ್ದಳು, ಬೀಜವನ್ನೂ ಮನೆಗೆ ತರುತ್ತಿರಲಿಲ್ಲ. ಇಷ್ಟೇ. ಇದಕ್ಕಿಂತ ಹೆಚ್ಚು ಒಂದು ಮಾತು ಅವರ ನಡುವೆ ಆಡಿದ್ದಿಲ್ಲ. ಅವನು ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸುವಾಗ ಮಾತ್ರ ಅವಳು ನೋಡುತ್ತ ನಿಲ್ಲುತ್ತಿದ್ದಳು. ಕೆಳಗೆ ಬೆಂಕಿಯೇ ಇಲ್ಲದೆ ನೀರು ಕೊತಕೊತ ಕುದಿಯುವುದು ಅವಳಿಗೆ ಎಷ್ಟು ನೋಡಿದರೂ ಸಾಲದು. "ಹಿಂದಕ ಸರಿ, ಕಣ್ಣಿಗೆ ಸಿಡೀತೈತಿ" ಎಂದು ಅವನು ಪ್ರತಿ ಸಲ ಹೇಳುತ್ತಿದ್ದ. ಅದನ್ನು ಹೇಳಿಸಿಕೊಳ್ಳಲಿಕ್ಕೆಂದೇ ಅವಳು ಪ್ರತಿ ಸಲ ಮುಂದೆ ಹೋಗಿ ನಿಲ್ಲುತ್ತಿದ್ದಳು.

ನಾಲ್ಕು ಕ್ವಿಂಟಲ್ ಸುಣ್ಣ ಎಲ್ಲಿಗೆ ಸಾಗಿಸಿದೆ ಎಂದು ಹನುಮಂತಪ್ಪ ಹತ್ತು ಮಂದಿಯ ಮುಂದೆ ಕೇಳಿದ. ಬುಟ್ಟಿ ಎಣಿಸಿ ನೋಡಿ, ಹಾಕಿದಷ್ಟೇ ಬಂದಿವೆ ಎಂದು ವಿರುಪಾಕ್ಷಿ ಅಂಗಲಾಚಿದ. ಬುಟ್ಟಿಯನ್ನು ಹೇಗೆ ಬೇಕಾದರೂ ತುಂಬಬಹುದು, ಕಾಟಾ ಸುಳ್ಳು ಹೇಳುತ್ತದೆಯೇ ಎಂದ ಹನುಮಂತಪ್ಪ. ಆಗ ವಿರುಪಾಕ್ಷಿ ಉಳಿದವರನ್ನೆಲ್ಲ ಬಿಟ್ಟು, ಬುತ್ತಿ ಹಿಡಿದು ನಿಂತಿದ್ದ ಅವಳ ಕಡೆ ತಿರುಗಿದ.

"ನೀನೂ ಹಂಗ ತಿಳ್ಕೊಂಡೀಯೇನು?"

ಅವಳು ಕಾಟಾ ನೋಡಿದಳು, ಅವನನ್ನು ನೋಡಿದಳು, ಸುಮ್ಮನೆ ನಿಂತಳು. ಅವನು ಹೆಗಲ ಮೇಲಿನ ಟವೆಲ್ ಕೊಡವಿ ಹೊರಟುಹೋದ. ಬುತ್ತಿ ಬಿಚ್ಚದೆ ಮನೆಗೆ ಬಂತು.

ಆಮೇಲೆ ಅವಳ ಮದುವೆಯಾಯಿತು. ಗಂಡ ಟಂಟಂ ರಿಕ್ಷಾ ಓಡಿಸುತ್ತಾನೆ, ಕೆಟ್ಟವನಲ್ಲ. ಮಗಳನ್ನು ಕುಷ್ಟಗಿಗೆ ಕೊಟ್ಟಿದ್ದಾಳೆ. ಎಲ್ಲ ನೆಟ್ಟಗಿದೆ. ಆದರೂ ಬಾರಿಹಣ್ಣಿನ ಕಾಲ ಬಂದಾಗ ಸಂತೆಯಲ್ಲಿ ಆ ಬುಟ್ಟಿಗಳ ಮುಂದೆ ಅವಳು ನಿಲ್ಲುವುದಿಲ್ಲ. ನಾಲ್ಕು ವರ್ಷದ ಹಿಂದೆ ಯಲಬುರ್ಗಾ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಕಿಟಕಿಯಿಂದ ಒಮ್ಮೆ ವಿರುಪಾಕ್ಷಿಯನ್ನು ಕಂಡಿದ್ದಳು. ಸುಣ್ಣದ ಸಣ್ಣ ಅಂಗಡಿ, ತಲೆ ನೆರೆತಿತ್ತು. ಕಳ್ಳನನ್ನು ನೋಡಿ ಎದೆ ಹೀಗೇಕೆ ಹೊಡೆದುಕೊಳ್ಳಬೇಕು ಎಂದು ತನ್ನ ಮೇಲೇ ಸಿಟ್ಟು ಬಂದು, ಮುಖಕ್ಕೆ ಸೆರಗು ಎಳೆದುಕೊಂಡಿದ್ದಳು.

ಊಟದ ಗಂಟೆ ಮುಗಿದು ಪಾತ್ರೆ ತಿಕ್ಕಿಟ್ಟ ಮೇಲೆ ರೇಣುಕಮ್ಮ ಕೈ ಒರೆಸಿಕೊಳ್ಳುತ್ತ ಟೀಚರ ಹತ್ತಿರ ಹೋದಳು. ಹತ್ತು ಕ್ವಿಂಟಲ್ ಕಲ್ಲಿಗೆ ಎಷ್ಟು ಸುಣ್ಣ ಬರಬೇಕು ಎಂದು ಕೇಳಿದಳು. ಯಾಕೆ ಎಂದು ಟೀಚರು ಕೇಳಿದ್ದಕ್ಕೆ, ಅಲ್ಲಿ ಇಲ್ಲಿ ತಡವರಿಸಿ, ಕಡೆಗೆ ಎಲ್ಲವನ್ನೂ ಹೇಳಿಬಿಟ್ಟಳು. ಬಾರಿಹಣ್ಣಿನದೊಂದು ಬಿಟ್ಟು.

ಜಾಸ್ಮೀನ ಟೀಚರು ನೋಟ್‌ಬುಕ್ಕಿನ ಹಾಳೆಯೊಂದನ್ನು ಹರಿದು ಬರೆದರು. ಕ್ಯಾಲ್ಸಿಯಂ ನಲವತ್ತು, ಇಂಗಾಲ ಹನ್ನೆರಡು, ಆಮ್ಲಜನಕ ಹದಿನಾರು ಮೂರಲೆ ನಲವತ್ತೆಂಟು. ಒಟ್ಟು ನೂರು. ಸುಟ್ಟಾಗ ಇಂಗಾಲ ಹೋಯಿತು, ತನ್ನ ಜೊತೆ ಎರಡು ಆಮ್ಲಜನಕವನ್ನೂ ಕರೆದುಕೊಂಡು ಹೋಯಿತು. ಉಳಿದದ್ದು ಐವತ್ತಾರು. ಸಾವಿರ ಕಿಲೋಕ್ಕೆ ಐನೂರಾ ಅರವತ್ತು.

"ನಿಮಗ ಬಂದದ್ದು ಐನೂರಾ ಎಪ್ಪತ್ತೆರಡು. ಹನ್ನೆರಡು ಕಿಲೋ ಹೆಚ್ಚ ಬಂದೈತ್ರಿ ಅಕ್ಕಾರ. ನಡುವಿನ ಒಂದೀಟು ಕಲ್ಲು ಪೂರಾ ಸುಟ್ಟಿರಲಿಕ್ಕಿಲ್ಲ. ಆದ್ರ ಒಂದು ಹಿಡಿ ಸೈತ ಕಡಿಮಿ ಆಗಿಲ್ಲ."

ರೇಣುಕಮ್ಮ ಆ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. ಓದಲು ಬರುತ್ತದೆ ಅವಳಿಗೆ, ಏಳನೆಯ ಇಯತ್ತೆ ಪಾಸು. ಆದರೆ ಅಕ್ಷರಗಳು ನೀರಿನಲ್ಲಿ ಬಿದ್ದ ಹಾಗೆ ಅಲ್ಲಾಡುತ್ತಿದ್ದವು. ಟೀಚರು ಬೇರೇನನ್ನೋ ಯೋಚಿಸುತ್ತಿದ್ದರು. ಅವನು ಹೋದ ಮೇಲೆ ಮುಂದಿನ ಭಟ್ಟಿಯನ್ನೂ ತೂಗಿರಬೇಕಲ್ಲವೇ, ಆಗಲೂ ಅಷ್ಟೇ ಬಂದಿರಬೇಕಲ್ಲವೇ ಎಂದು ಮೆಲ್ಲಗೆ ಕೇಳಿದರು.

ಆಗ ರೇಣುಕಮ್ಮನಿಗೆ ನೆನಪಾಯಿತು. ಕಾಯಿ ಒಡೆಸಿ ನಿಲ್ಲಿಸಿದ್ದ ಕಾಟಾ ಮೂರು ತಿಂಗಳಲ್ಲಿ ಭಟ್ಟಿಯ ಮುಂದೆ ಇರಲಿಲ್ಲ. ಹಳೆ ಕಬ್ಬಿಣದ ಮೋಡಕದವನಿಗೆ ಹಾಕಿದೆ, ಸರಿಯಾಗಿ ತೂಗುತ್ತಿರಲಿಲ್ಲ ಎಂದು ಅಪ್ಪ ಹೇಳಿದ್ದ. ಮತ್ತೆ ಬುಟ್ಟಿಯ ಅಳತೆಗೇ ಬಂದಿದ್ದರು.

ಸಂಜೆ ಅವಳು ಮನೆಗೆ ಹೋಗದೆ ನೇರವಾಗಿ ತವರುಮನೆಗೆ ಹೋದಳು. ಹನುಮಂತಪ್ಪ ಮಗನ ಮನೆಯ ಕಟ್ಟೆಯ ಮೇಲೆ ಕೂತು ತಂಬಾಕಿಗೆ ಸುಣ್ಣ ತಿಕ್ಕುತ್ತಿದ್ದ. ಮೊಮ್ಮಕ್ಕಳು ಅಂಗಳದಲ್ಲಿ ಗದ್ದಲ ಹಾಕುತ್ತಿದ್ದವು. ಅವಳು ಹಾಳೆ ತೋರಿಸಲಿಲ್ಲ, ಲೆಕ್ಕ ಹೇಳಲಿಲ್ಲ.

"ಅಪ್ಪಾ, ವಿರುಪಾಕ್ಷಿ ಹೋದ ಮ್ಯಾಲಿನ ಭಟ್ಟಿ ಎಷ್ಟು ತೂಗಿತ್ತು?"

ಮುದುಕನ ಹೆಬ್ಬೆರಳು ಅಂಗೈಯಲ್ಲಿ ನಿಂತಿತು. ಯಾವ ವಿರುಪಾಕ್ಷಿ ಎಂದು ಕೇಳುತ್ತಾನೆ ಅಂದುಕೊಂಡಿದ್ದಳು. ಕೇಳಲಿಲ್ಲ.

"ಅಷ್ಟ ತೂಗಿತ್ತು" ಎಂದ. ತಂಬಾಕನ್ನು ಮತ್ತೊಮ್ಮೆ ತಿಕ್ಕಿ, "ಅದರ ಮುಂದಿಂದೂ ಅಷ್ಟ" ಎಂದ.

ಮತ್ತೆ ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿದಳು. ಹತ್ತು ಮಂದಿಯ ಮುಂದೆ ಕಳ್ಳ ಅಂದಾಗಿತ್ತು, ಯಾವ ಬಾಯಿಂದ ಹೋಗಿ ಅಲ್ಲ ಅನ್ನಲಿ ಎಂದ ಹನುಮಂತಪ್ಪ. ನಿನ್ನ ಮದುವೆ ನಿಶ್ಚಯವೂ ಆಗಿತ್ತು ಎಂದ. ಅಪ್ಪನಿಗೂ ಗೊತ್ತಿತ್ತು ಹಾಗಾದರೆ, ಬಾರಿಹಣ್ಣಿನ ವಿಷಯ. ರೇಣುಕಮ್ಮನಿಗೆ ಅಪ್ಪನ ಮೇಲೆ ಕೂಗಾಡಬೇಕು ಅನಿಸಿತು. ಆದರೆ ಅಂದು ವಿರುಪಾಕ್ಷಿ ಕೇಳಿದ ಪ್ರಶ್ನೆ ಅಪ್ಪನಿಗಲ್ಲ, ತನಗೆ. ಬಾಯಿ ಮುಚ್ಚಿ ನಿಂತವಳು ತಾನು.

ರವಿವಾರ ಮಗಳಿಗೆ ಬಟ್ಟೆ ತರುತ್ತೇನೆಂದು ಗಂಡನಿಗೆ ಹೇಳಿ ಯಲಬುರ್ಗಾದ ಬಸ್ಸು ಹತ್ತಿದಳು. ಎರೆಹೊಲದ ನಡುವಿನ ರಸ್ತೆ ಉದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದಳು. ಹಾಳೆ ಕುಪ್ಪಸದೊಳಗೆ ಬೆವರಿಗೆ ಮೆತ್ತಗಾಗಿತ್ತು.

ಅಂಗಡಿ ಅಲ್ಲೇ ಇತ್ತು. ಮುಂದೆ ತಂಬಾಕಿನ ಸುಣ್ಣದ ಸಣ್ಣ ಡಬ್ಬಿಗಳು, ಬಣ್ಣ ಹಚ್ಚುವ ಕುಂಚಗಳು. ಪಕ್ಕದಲ್ಲಿ ನೀರು ತುಂಬಿದ ಅರ್ಧ ಕೊಯ್ದ ಡ್ರಮ್ಮು. ವಿರುಪಾಕ್ಷಿ ಚೀಲದಿಂದ ಸುಟ್ಟ ಸುಣ್ಣದ ಗಡ್ಡೆಗಳನ್ನು ಬುಟ್ಟಿಗೆ ಆರಿಸಿ ಹಾಕುತ್ತಿದ್ದ. ತಲೆ ಎತ್ತಿದ. ಗುರುತು ಹಿಡಿಯಲು ಅವನಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ, ಅದೇ ಅವಳ ಬಾಯಿಪಾಠವನ್ನೆಲ್ಲ ಹಾಳು ಮಾಡಿತು. ಹಾಳೆಯನ್ನು ಮುಂದೆ ಹಿಡಿದಳು.

ಅವನು ಕೈ ಒರೆಸಿಕೊಂಡು, ಹಾಳೆಯನ್ನು ದೂರ ಹಿಡಿದು, ತುಟಿ ಅಲ್ಲಾಡಿಸುತ್ತ ಓದಿದ. ಅದು ಏನೆಂದು ಅವಳು ತುಂಡು ತುಂಡಾಗಿ ಹೇಳಿದಳು. ಸಾಲಿಯಲ್ಲಿ ಹೇಳಿಕೊಡುತ್ತಾರೆ, ಮೂವತ್ತೈದು ಮಕ್ಕಳು ಬರೆದುಕೊಂಡರು, ನಲವತ್ನಾಲ್ಕು ಗಾಳಿಗೆ ಹೋಗುತ್ತದಂತೆ, ನೀ ಕದ್ದಿಲ್ಲ ಎಂದು ಗೊತ್ತಾಯಿತು ಎಂದಳು.

"ನಾ ಕದ್ದಿಲ್ಲ ಅನ್ನೂದು ನನಗ ಆವತ್ತ ಗೊತ್ತಿತ್ತು" ಎಂದ ವಿರುಪಾಕ್ಷಿ. ದನಿಯಲ್ಲಿ ಸಿಟ್ಟಿರಲಿಲ್ಲ. ಹಾಳೆಯನ್ನು ಮಡಿಕೆಯ ಗೆರೆಯಲ್ಲೇ ಮಡಿಚಿದ. "ಈ ಲೆಕ್ಕ ಕಿವಿಗೆ ಬೀಳದಿದ್ರ ನೀ ಬರ್ತಿದ್ದಿಯೇನು?"

ಬರುತ್ತಿದ್ದೆ ಎಂಬ ಮಾತು ಅವಳ ಬಾಯಿಗೆ ಬಂತು. ಇಪ್ಪತ್ತೈದು ವರ್ಷ ಸಂತೆಯಲ್ಲಿ ಮುಖ ತಿರುಗಿಸಿದ್ದು, ಬಸ್ಸಿನ ಕಿಟಕಿಯಲ್ಲಿ ಎದೆ ಹೊಡೆದುಕೊಂಡದ್ದು, ಎಲ್ಲ ಸೇರಿ ಹಾಗೆ ಹೇಳು ಎಂದು ದೂಡಿದವು. ಈಗಲೂ ಸುಮ್ಮನಿದ್ದುಬಿಡಬಹುದಿತ್ತು, ಅದು ಅವಳಿಗೆ ರೂಢಿಯೇ.

"ಬರ್ತಿರಲಿಲ್ಲ" ಎಂದಳು.

"ಇವತ್ತಾದ್ರೂ ಬಾಯಿ ಬಿಟ್ಟಿ" ಎಂದ ವಿರುಪಾಕ್ಷಿ. ಆಮೇಲೆ ಮಡಿಚಿದ ಹಾಳೆಯನ್ನು ಅವಳ ಕೈಯಲ್ಲೇ ಇಟ್ಟ. "ಇದನ್ನ ನೀನ ಇಟ್ಕೋ. ನನಗೇನೂ ಬೇಕಾಗಿಲ್ಲ."

ರಸ್ತೆಯ ಆಚೆಯಿಂದ ಯಾರೋ ಮನೆಗೆ ಹಚ್ಚುವ ಸುಣ್ಣ ಆಯಿತೇ ಎಂದು ಕೂಗಿ ಕೇಳಿದರು. ಇಗೋ ಆಯಿತು ಎಂದು ಅವನು ಬುಟ್ಟಿ ಎತ್ತಿಕೊಂಡು ಡ್ರಮ್ಮಿನ ಕಡೆ ಹೋದ. ಅವಳು ಅರಿವಿಲ್ಲದೆ ಎರಡು ಹೆಜ್ಜೆ ಮುಂದೆ ಹೋಗಿದ್ದಳು.

"ಹಿಂದಕ ಸರಿ" ಎಂದ, ತಿರುಗಿ ನೋಡದೆ. "ಕಣ್ಣಿಗೆ ಸಿಡೀತೈತಿ."

ಅವಳು ಹಿಂದಕ್ಕೆ ಸರಿದಳು. ಗಡ್ಡೆಗಳು ನೀರಿಗೆ ಬಿದ್ದವು. ಒಂದು ಕ್ಷಣ ಏನೂ ಆಗಲಿಲ್ಲ, ನೀರು ತಣ್ಣಗೆ ನಿಂತಿತ್ತು. ಆಮೇಲೆ ತಳದಿಂದ ಸದ್ದು ಎದ್ದಿತು, ಬಿಳಿಯ ಹಬೆ ಅವನ ಮುಖವನ್ನು ಮುಚ್ಚಿತು. ಕುಕನೂರಿನ ಬಸ್ಸು ಬಂದು ನಿಂತು, ಕಂಡಕ್ಟರು ಎರಡು ಸಲ ಕೂಗಿದ. ರೇಣುಕಮ್ಮ ಹಾಳೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಈ ಸಲ ಸೆರಗು ಎಳೆದುಕೊಳ್ಳಲಿಲ್ಲ. ಬಸ್ಸು ತಿರುಗುವವರೆಗೂ ಡ್ರಮ್ಮಿನ ನೀರು ಕುದಿಯುತ್ತಲೇ ಇತ್ತು.