ತಂತಿ ಕಟ್ಟಿದ ದವಡೆ, ಎತ್ತಿನ ಗೊಟ್ಟ

ಎಮ್ಮಿಗನೂರಿನಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಸಾಕು, ಓಣಿಗೆ ಓಣಿಯೇ ವೈದ್ಯನಾಗುತ್ತದೆ. "ಹಾಲು ಕೊಡಬ್ಯಾಡ್ರಿ, ಕೀವು ಆಗ್ತೈತಿ" ಎಂದು ಒಬ್ಬಳು. "ನೀರು ಭಾಳ ಕುಡಿಸಬ್ಯಾಡ್ರಿ, ನಂಜು ಏರ್ತೈತಿ" ಎಂದು ಇನ್ನೊಬ್ಬಳು. ಹೇಳುವವರಿಗೇನು, ಹೇಳಿ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು ಮಲಗುತ್ತಾರೆ. ಉಪವಾಸ ಬೀಳುವವನು ಹಾಸಿಗೆಯಲ್ಲಿದ್ದವನು.

ಊರಮ್ಮನ ಮಗ ಹೊನ್ನೂರಸ್ವಾಮಿಗೆ ಆದದ್ದೂ ಅದೇ. ಆಲೆಮನೆಯಲ್ಲಿ ಕಬ್ಬಿನ ಗಾಣ ಆಡಿಸುವಾಗ ಎತ್ತಿನ ಹಗ್ಗ ಹರಿದು, ಗಾಣದ ಉದ್ದನೆಯ ಮರ ಹಿಂದಕ್ಕೆ ಚಿಮ್ಮಿ ಅವನ ಕೆಳದವಡೆಗೆ ಬಡಿದಿತ್ತು. ದವಡೆ ಎರಡು ಕಡೆ ಮುರಿದಿತ್ತು. ಬಳ್ಳಾರಿ ಆಸ್ಪತ್ರೆಯಲ್ಲಿ, ಮದ್ರಾಸಿನಲ್ಲಿ ಓದಿ ಬಂದ ಡಾಕ್ಟರು ಮೂಳೆ ಕೂಡಿಸಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಹೆಣೆದು ಬಾಯಿ ಬಿಗಿದರು. ಹದಿನೈದು ದಿನ ಇಟ್ಟುಕೊಂಡು, "ಆರು ವಾರ ತುಂಬೋತನಕ ತಂತಿ ಮುಟ್ಟಬೇಡಿ" ಎಂದು ಹೇಳಿ ಮನೆಗೆ ಕಳಿಸಿದರು. ಜೊತೆಗೆ ಮೂತಿಯಿರುವ ಒಂದು ಪಿಂಗಾಣಿ ಬಟ್ಟಲು, ಗೇಣುದ್ದದ ರಬ್ಬರ್ ನಳಿಗೆ, ತಂತಿ ಕತ್ತರಿಸುವ ಸಣ್ಣ ಕತ್ತರಿ ಕೊಟ್ಟರು. ಇದನ್ನೆಲ್ಲ ಹೇಗೆ ಬಳಸಬೇಕೆಂದು ಅವನ ಹೆಂಡತಿ ನಿಂಗಕ್ಕ ಕಿವಿಗೊಟ್ಟು ಕೇಳಿಕೊಂಡು ಬಂದಿದ್ದಳು. ಆದರೆ ಸೊಸೆ ಕೇಳಿಸಿಕೊಂಡು ಬಂದರೆ ಆಯಿತೇ? ಕಲೆಕ್ಟರ್ ದೊರೆ ಬಂದು ಹೇಳಿದರೂ ಊರಮ್ಮ ತನ್ನ ಮಾತು ಬಿಡುವವಳಲ್ಲ.

ರಬ್ಬರ್ ನಳಿಗೆ ನೋಡಿ ಊರಮ್ಮ ಮೂಗು ಮುಚ್ಚಿಕೊಂಡಳು. "ಯಾವ ಪ್ರಾಣಿ ಕರುಳೋ ಏನೋ" ಎಂದು ಅದನ್ನೂ ಬಟ್ಟಲನ್ನೂ ಬಟ್ಟೆಯಲ್ಲಿ ಸುತ್ತಿ ಸೂರಿನ ಸಂದಿಗೆ ಸಿಕ್ಕಿಸಿದಳು. ಕತ್ತರಿ ಅವಳ ಸೀರೆಯ ಸೆರಗಿನ ಗಂಟಿಗೆ ಸೇರಿತು. ಮಗನಿಗೆ ಕುಡಿಸಲು ಅವಳು ತಂದದ್ದು ಕೊಟ್ಟಿಗೆಯ ಗೊಟ್ಟ. ಎತ್ತಿಗೆ ಔಷಧ ಹಾಕುವ ಬಿದಿರಿನ ನಳಿಗೆ. ಬಿಸಿನೀರಲ್ಲಿ ತೊಳೆದೇ ತಂದಳು, ಆ ಮಾತು ಬೇರೆ.

ಗೊಟ್ಟ ಹಾಕುವುದರಲ್ಲಿ ಊರಮ್ಮನನ್ನು ಮೀರಿಸುವವರು ಆ ಸೀಮೆಯಲ್ಲಿರಲಿಲ್ಲ. ಯಾರ ಮನೆಯ ಎತ್ತು ಮೇವು ಬಿಟ್ಟರೂ ಊರಮ್ಮನಿಗೇ ಕರೆ. ಅಂಥವಳು ಮಗನ ತಲೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕೆನ್ನೆಯ ಸಂದಿಗೆ ಗೊಟ್ಟ ಇಟ್ಟು, ಅನ್ನದ ಗಂಜಿಯ ತಿಳಿ ಹೊಯ್ಯುತ್ತಿದ್ದಳು. ಹೊತ್ತಿಗೊಂದು ಸಲ, ದಿನಕ್ಕೆ ಮೂರು ಸಲ. ಹಾಲಿಲ್ಲ, ಬೇಳೆಯಿಲ್ಲ, ಬೇರೆ ನೀರೂ ಇಲ್ಲ. ಪ್ರತಿ ಸಲವೂ ಅವನಿಗೆ ನೆತ್ತಿಗೇರುತ್ತಿತ್ತು. ಒಂಬತ್ತು ದಿನಕ್ಕೆ ಹೊನ್ನೂರಸ್ವಾಮಿಯ ಕಣ್ಣು ಗುಳಿ ಬಿದ್ದವು. ಗೊಟ್ಟ ಕಂಡರೆ ತುಟಿ ಬಿಗಿದು ಮುಖ ತಿರುಗಿಸತೊಡಗಿದ.

ಊರಮ್ಮನ ಎದೆ ಒಡೆಯಿತು. ಮಗ ಕೈ ತಪ್ಪಿ ಹೋಗುತ್ತಿದ್ದಾನೆ ಎಂಬ ಭಯ ಅವಳನ್ನು ನಿಂತಲ್ಲಿ ನಿಲ್ಲಗೊಡಲಿಲ್ಲ. ನಾಳೆ ಗಾಡಿ ಕಟ್ಟಿಸಿ ಕಂಪ್ಲಿಯ ಅಕ್ಕಸಾಲಿಗನ ಹತ್ತಿರ ಹೋಗುವುದು, ಅವನ ನಾಜೂಕಿನ ಕೈಯಿಂದ ತಂತಿ ಕತ್ತರಿಸಿಬಿಡುವುದು ಎಂದು ತೀರ್ಮಾನಿಸಿದಳು.

ಅದೇ ಮಧ್ಯಾಹ್ನ ದುರುಗವ್ವ ಬಂದಳು. ಅವಳು ಅದೇ ಊರಿನ ಮಗಳು. ಬಳ್ಳಾರಿ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ಆಯಾ ಆಗಿದ್ದು, ಈಗ ಅಣ್ಣನ ಮನೆಯಲ್ಲಿದ್ದಾಳೆ. ತಿಂಗಳಿಂದ ಸಂಡೂರಿನ ತಂಗಿಯ ಮನೆಗೆ ಹೋಗಿದ್ದವಳು ಬಂದ ಕೂಡಲೇ ಸುದ್ದಿ ಕೇಳಿ ಬಂದಿದ್ದಳು. ಅವಳು ಹೊಸ್ತಿಲು ದಾಟುವುದಕ್ಕೂ ಊರಮ್ಮ ಮಗನ ಬಾಯಿಗೆ ಬಲವಂತವಾಗಿ ಗಂಜಿ ಹೊಯ್ಯುವುದಕ್ಕೂ ಸರಿಹೋಯಿತು. ಕೆಮ್ಮಿ ಕೆಮ್ಮಿ ಅವನ ಮುಖ ಕಪ್ಪಿಟ್ಟಿತು.

"ಯಕ್ಕಾ, ಮೊದಲು ಎಬ್ಬಿಸಿ ಕುಂದ್ರಸು" ಎನ್ನುತ್ತಲೇ ದುರುಗವ್ವ ತಾನೇ ಅವನ ಬೆನ್ನಿಗೆ ಕೈ ಕೊಟ್ಟು ಕೂರಿಸಿ, ಮುಂದಕ್ಕೆ ಬಾಗಿಸಿದಳು. ಗಂಜಿ ತುಟಿಯಿಂದ ಸೋರಿ ಹೋಯಿತು. ಉಸಿರು ಹದಕ್ಕೆ ಬಂತು.

"ನೋಡವ್ವ, ಹೆಂಗ ಆಗ್ಯಾನ" ಎಂದಳು ಊರಮ್ಮ. "ನಾಳೆ ತಂತಿ ಕೊಯ್ಸಿಬಿಡ್ತೀನಿ. ಡಾಕ್ಟರೇ ಕತ್ತರಿ ಕೊಟ್ಟಾರ ಅಂದಮ್ಯಾಲ ಕೊಯ್ಯಾಕಂತನ ಅಲ್ಲೇನು ಕೊಟ್ಟಿರೋದು?"

"ಕೊಯ್ಸಿದ ಮ್ಯಾಲ?"

"ರೊಟ್ಟಿ ತಿಂತಾನ. ನಾಕು ರೊಟ್ಟಿ ಹೊಟ್ಟಿಗೆ ಬಿದ್ದರ ಎದ್ದು ಓಡ್ಯಾಡ್ತಾನ."

"ಮೂಳಿ ಇನ್ನೂ ಕೂಡಿಲ್ಲ ಯಕ್ಕಾ. ಈಗ ಕೊಯ್ದರ ದವಡಿ ಸೊಟ್ಟ ಕೂಡ್ತೈತಿ. ಆಮ್ಯಾಲ ಇವ ಇರೋತನಕ ರೊಟ್ಟಿ ಕಡಿಯಾಕ ಆಗಂಗಿಲ್ಲ. ಆ ಕತ್ತರಿ ಯಾತಕ್ಕ ಗೊತ್ತೇನು? ವಾಂತಿ ಬಂದು, ಮುಂದಕ್ಕ ಬಗ್ಗಿಸಿದರೂ ಹೊರಗ ಹೋಗದ ಉಸಿರು ಕಟ್ಟಿದರ ಮಾತ್ರ. ಅದು ತಲಿದಿಂಬಿನ ಹತ್ರ, ಎಲ್ಲಾರ ಕಣ್ಣಿಗೂ ಕಾಣಂಗ ತೂಗಾಡಬೇಕು. ಸೆರಗಿನಾಗ ಕಟ್ಕೊಂಡು ತಿರುಗೋದಲ್ಲ."

"ಹಂಗಂದರ ಹಸಿದು ಸಾಯಲಿ ಅಂತೀಯೇನು?"

"ಇವನ್ನ ಹಸಿವಿಗೆ ಹಾಕಿರೋದು ತಂತಿ ಅಲ್ಲ ಯಕ್ಕಾ. ನೀನು."

ಊರಮ್ಮನಿಗೆ ಸಿಟ್ಟು ನೆತ್ತಿಗೇರಿತು. ಹೆತ್ತವಳಿಗೆ ಆಡುವ ಮಾತೇ ಇದು? ಆದರೆ ದುರುಗವ್ವ ಜಗ್ಗುವವಳಲ್ಲ. ಕೆಳಗೆ ಬಿದ್ದಿದ್ದ ಗೊಟ್ಟ ಎತ್ತಿಕೊಂಡು ಅವಳ ಕೈಗೇ ಕೊಟ್ಟಳು.

"ಹೋದ ವರ್ಷ ನೀ ಊರಾಗ ಇಲ್ಲದಾಗ ನಿಮ್ಮ ಮೈದುನ ಗೊಟ್ಟ ಹಾಕಿದ ಮೂರು ದಿನಕ್ಕ ನಿಮ್ಮ ಬಿಳಿ ಎತ್ತು ಸತ್ತಿತಲ್ಲ. ಯಾಕ ಸತ್ತಿತು?"

"ತಲಿ ಮ್ಯಾಲಕ್ಕೆತ್ತಿ ಒಂದ ಸಲಕ್ಕ ಸುರಿದ. ಔಷಧ ಹೊಟ್ಟಿಗೆ ಹೋಗಲಿಲ್ಲ, ಉಸಿರಿನ ದಾರಿ ಹಿಡೀತು."

"ನೀನು ಹೆಂಗ ಹಾಕ್ತೀ?"

ತನ್ನ ಕಸುಬಿನ ಮಾತು ಬಂದರೆ ಊರಮ್ಮ ಸುಮ್ಮನಿರುವುದುಂಟೇ? "ಅದಕ್ಕೇನು. ತಲಿ ಮಟ್ಟಸ ಹಿಡಿಬೇಕು. ಹಿಂದಕ್ಕ ವಾಲಸಬಾರದು. ಗುಟುಕು ಗುಟುಕು ಹಾಕಬೇಕು. ಒಂದು ಇಳಿದದ್ದು ನೋಡಿ ಇನ್ನೊಂದು..."

ಊರಮ್ಮ ತನ್ನ ತೊಡೆ ನೋಡಿಕೊಂಡಳು. ಗಂಜಿ ಚೆಲ್ಲಿ ಸೀರೆ ಒದ್ದೆಯಾಗಿತ್ತು. ಎತ್ತಿಗೆ ಮಾಡದ ತಪ್ಪನ್ನು ಮಗನಿಗೆ ಮಾಡಿದ್ದಳು. ಗೊತ್ತಿಲ್ಲದೆಯಲ್ಲ, ಮಮತೆಯಿಂದ. ಮಲಗಿದ ಮಗ ಅವಳ ಕಣ್ಣಿಗೆ ಕೂಸಾಗಿ ಕಂಡಿದ್ದ, ಕೂಸನ್ನು ತೊಡೆಯ ಮೇಲೆ ಹಾಕಿಕೊಳ್ಳದೆ ಇನ್ನೇನು ಮಾಡುತ್ತಾರೆ ಎಂದುಕೊಂಡಿದ್ದಳು.

"ಏನ್ ಮಾಡ್ಲಿ ಹೇಳು" ಎಂದಳು. ಊರಮ್ಮ ಹುಟ್ಟಿ ಬೆಳೆದ ಮೇಲೆ ಆ ಮಾತು ಆಡಿದ್ದು ಅದೇ ಮೊದಲಿರಬೇಕು.

ನಿಂಗಕ್ಕ ಯಾರೂ ಹೇಳುವ ಮುಂಚೆಯೇ ಸೂರಿನ ಸಂದಿಯಿಂದ ಬಟ್ಟಲು, ನಳಿಗೆ ತೆಗೆದಳು. ಎರಡನ್ನೂ ನೀರಿನಲ್ಲಿ ಕುದಿಸಿದಳು. ದುರುಗವ್ವ ಬಟ್ಟಲಿಗೆ ಕಾಯಿಸಿ ಆರಿಸಿದ ಹಾಲು ಹೊಯ್ದು, ನಳಿಗೆಯನ್ನು ಅದರ ಮೂತಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಅವನ ಕೆನ್ನೆಯೊಳಗೆ, ಹಿಂದಿನ ಹಲ್ಲಿನ ಸಂದಿಯ ಹತ್ತಿರ ಇಟ್ಟಳು. ಬಟ್ಟಲನ್ನು ಹೊನ್ನೂರಸ್ವಾಮಿಯ ಕೈಗೇ ಕೊಟ್ಟಳು. "ನಿನಗ ಬೇಕಾದಷ್ಟು ನೀನ ಕುಡಿ. ಸಾಕಾದರ ನಿಲ್ಲಸು. ಅವಸರಿಲ್ಲ."

"ಹಾಲು ಹಾಕೀದಿಯಲ್ಲ, ಕೀವು ಆದರ?" ಊರಮ್ಮನ ಬಾಯಿ ಇನ್ನೂ ತಡೆಯಲಿಲ್ಲ.

"ಕೀವು ಹಾಲಿಂದ ಆಗಂಗಿಲ್ಲ, ಹೊಲಸಿಂದ ಆಗ್ತೈತಿ. ಪ್ರತಿ ಸಲ ಕುಡಿದ ಮ್ಯಾಲ ಉಗುರುಬೆಚ್ಚಗಿನ ಉಪ್ಪುನೀರಾಗ ಬಾಯಿ ಮುಕ್ಕಳಿಸಲಿ. ಹಿಂಡಿ ಹಾಕದ ಎತ್ತನ್ನ ಗಾಣಕ್ಕ ಕಟ್ತೀಯೇನು ಯಕ್ಕಾ? ಮುರಿದ ಮೂಳಿ ಕೂಡಸೋದೂ ದುಡಿಮಿನ. ಅದಕ್ಕೂ ಮೇವು ಬೇಕು."

ಹೊನ್ನೂರಸ್ವಾಮಿ ಒಂದು ಗುಟುಕು ಎಳೆದ. ಕೆಮ್ಮಲಿಲ್ಲ. ಮತ್ತೊಂದು ಎಳೆದ. ಬಟ್ಟಲು ಬರಿದಾಗಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಬಿಗಿದ ಹಲ್ಲಿನ ಸಂದಿಯಿಂದಲೇ ಅಂದ, "ಇನ್ನೊಂದ್ ಬಟ್ಲ."

ಊರಮ್ಮ ಸೆರಗು ಬಾಯಿಗಿಟ್ಟು ಅತ್ತಳು. ಅತ್ತು ಮುಗಿದ ಮೇಲೆ ಸೆರಗಿನ ಗಂಟು ಬಿಚ್ಚಿ, ಕತ್ತರಿಯನ್ನು ತಲೆದಿಂಬಿನ ಮೇಲಿನ ಗೂಟಕ್ಕೆ ತೂಗುಹಾಕಿದಳು. ಗಾಡಿ ಕಟ್ಟುವುದು ಬೇಡವೆಂದು ಹೇಳಿ ಕಳಿಸಿದಳು.

ಅವತ್ತಿನಿಂದ ಆ ಮನೆಯ ಒಲೆ ಆರಲಿಲ್ಲ. ದಿನಕ್ಕೆ ಮೂರು ಸಲ ಇದ್ದದ್ದು ಎರಡು ತಾಸಿಗೊಂದು ಸಲವಾಯಿತು. ಬೆಳಿಗ್ಗೆ ಬೆಲ್ಲ ಹಾಕಿದ ಹಾಲು, ಆಮೇಲೆ ಬಟ್ಟೆಯಲ್ಲಿ ಸೋಸಿದ ತೊಗರಿಬೇಳೆ ಕಟ್ಟಿಗೆ ಚಮಚ ತುಪ್ಪ, ಮಧ್ಯಾಹ್ನ ಜೋಳದ ಅಂಬಲಿಗೆ ಮಜ್ಜಿಗೆ ಬೆರೆಸಿ ತೆಳ್ಳಗೆ, ನಡುನಡುವೆ ಕಾಯಿಸಿ ಆರಿಸಿದ ನೀರು. ಯಾವುದೂ ಸುಡುವಂತಿರಲಿಲ್ಲ, ಖಾರ ಹತ್ತಿರ ಸುಳಿಯಲಿಲ್ಲ. ಓಣಿಯ ವೈದ್ಯರು ಬಂದು "ಹಾಲು ಕೊಡ್ತೀಯಾ?" ಎಂದು ಬಾಯಿ ತೆರೆದರೆ ಊರಮ್ಮ, "ನೀ ಎಷ್ಟು ಮಂದಿ ದವಡಿ ಕೂಡಿಸೀದಿ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಒಂದು ದಿನ ಹೊಟ್ಟೆ ತೊಳಸಿ ಅವನಿಗೆ ವಾಂತಿ ಬಂತು. ಅವಳೇ ಅವನನ್ನು ಮುಂದಕ್ಕೆ ಬಾಗಿಸಿ, ಕೆನ್ನೆ ಎಳೆದು ಹಿಡಿದಳು. ಎಲ್ಲ ಹರಿದು ಹೊರಗೆ ಹೋಯಿತು, ಕತ್ತರಿ ಗೂಟದಲ್ಲೇ ಉಳಿಯಿತು.

ಆರು ವಾರ ತುಂಬಿದ ಮೇಲೆ ಬಳ್ಳಾರಿಯಲ್ಲಿ ತಂತಿ ಬಿಚ್ಚಿದರು. ದವಡೆ ನೆಟ್ಟಗೆ ಕೂಡಿತ್ತು. ಊರಿಗೆ ಬಂದವನೇ ಹೊನ್ನೂರಸ್ವಾಮಿ ಒಲೆಯ ಮುಂದೆ ಕುಳಿತ.

"ಯವ್ವಾ, ಒಂದು ಬಿಸಿ ರೊಟ್ಟಿ ಹಾಕು. ಶೇಂಗಾ ಚಟ್ನಿ ಜೊತಿಗೆ."

"ಹಾಕಂಗಿಲ್ಲ."

"ತಂತಿ ಬಿಚ್ಯಾರಲ್ಲ."

"ಡಾಕ್ಟರು ಏನಂದ್ರು? ಇನ್ನ ಸ್ವಲ್ಪ ದಿನ ಮೆತ್ತಗಿಂದ ತಿನ್ನಬೇಕು ಅಂದಾರ. ಹಾಲಾಗ ಕಿವುಚಿದ ಅನ್ನ ಐತಿ, ಸುಮ್ಮನ ಉಣ್ಣು." ಊರಮ್ಮ ತಾಟು ಅವನ ಮುಂದೆ ಸರಿಸಿದಳು. ನಿಂಗಕ್ಕ ಮುಖ ತಿರುಗಿಸಿಕೊಂಡು ನಕ್ಕಳು. ಅಕ್ಕಸಾಲಿಗನ ಹತ್ತಿರ ಹೊರಟಿದ್ದ ಅತ್ತೆ ಇವಳೇನಾ ಎಂದು ಅವಳಿಗೆ ಅನುಮಾನ ಬಂದಿರಬೇಕು.

ಅವ್ವಗಳಿರಾ, ಅಣ್ಣಗಳಿರಾ, ನಿಮ್ಮ ಮನೆಯಲ್ಲೂ ಯಾರದಾದರೂ ದವಡೆಗೆ ಆಪರೇಷನ್ ಆಗಿ ಬಾಯಿ ಬಿಗಿದಿದ್ದರೆ ಇದನ್ನು ಓದಿ ಹೇಳಿ. ರೋಗಿಯನ್ನು ಎಬ್ಬಿಸಿ ಕೂರಿಸಿ ಕುಡಿಸಿ. ಸ್ವಲ್ಪ ಸ್ವಲ್ಪವಾಗಿ, ಮೇಲಿಂದ ಮೇಲೆ ಕೊಡಿ. ಹಾಲು, ಬೇಳೆ ಕಟ್ಟು, ಅಂಬಲಿ, ಮಜ್ಜಿಗೆ, ನೀರು ಯಾವುದನ್ನೂ ತಡೆಯಬೇಡಿ. ಕುಡಿದ ಮೇಲೆ ಬಾಯಿ ಶುಚಿ ಮಾಡಿಸಿ. ಜ್ವರ ಬಂದರೆ, ಬಾವು ಏರಿದರೆ, ಏನೂ ಇಳಿಯದಿದ್ದರೆ ಓಣಿಯವರನ್ನು ಕೇಳುತ್ತಾ ಕೂರಬೇಡಿ, ಆಸ್ಪತ್ರೆಗೆ ಗಾಡಿ ಕಟ್ಟಿ. ಉಸಿರು ಕಟ್ಟಿದ ಹೊತ್ತೊಂದನ್ನು ಬಿಟ್ಟರೆ ತಂತಿ ಡಾಕ್ಟರ ಕೈಯಲ್ಲೇ ಬಿಚ್ಚಲಿ.

ಊರಮ್ಮನ ಗೊಟ್ಟ ಈಗ ಕೊಟ್ಟಿಗೆಯ ಗೂಟದಲ್ಲಿದೆ. ನಿಮ್ಮದೂ ಅಲ್ಲೇ ಇರಲಿ.