ಎಲೆ ಎತ್ತುವ ಮೊದಲು

ಒಣ ಸೀಗಡಿಯ ತಲೆ ಚಿವುಟಿ ಮೊರಕ್ಕೆ ಹಾಕುತ್ತ ಕೂತಿದ್ದೆ. ದಾಂಡೇಲಿಯ ಬಸ್ಸಿಳಿದು ಬಂದ ಮೊಮ್ಮಗಳು ಜ್ಯೂಲಿ ಚಪ್ಪಲಿಯನ್ನೂ ಬಿಡದೆ ಒಂದು ತೆಳ್ಳನೆಯ ಪುಸ್ತಕವನ್ನು ನನ್ನ ಮುಂದೆ ಒಗೆದಳು.

“ಅಜ್ಜಿ, ಇದರಾಗ ನಿನ್ನ ಹೆಸರೈತಿ.”

ಹುಟ್ಟಿದಾಗಿನಿಂದ ನನ್ನನ್ನು ‘ಆಜಿ’ ಎಂದು ಕರೆದವಳು. ನಾವು ಸಿದ್ದಿಗಳು, ಕ್ರಿಸ್ತರು, ಮನೆಮಾತು ಕೊಂಕಣಿ. ಮನೆಯೊಳಗೆ ಅವಳು ಕನ್ನಡ ಆಡಿದ್ದು ಅವತ್ತೇ ಮೊದಲು.

“ಕೈ ನಾರತೈತಿ. ನೀನ ಓದು,” ಎಂದೆ.

ಬಂಗೂರನಗರದ ಕಾಲೇಜಿನಲ್ಲಿ ಓದುವ ಹುಡುಗಿ, ಗಂಟಲು ಗಟ್ಟಿ ಮಾಡಿಕೊಂಡು ಓದಿದಳು: “ಹಳಿಯಾಳ ಭಾಗದ ಸಿದ್ದಿಗಳ ಮಾತಿನಲ್ಲಿ ಭೂತಕಾಲ ಕಂಡುಬರುವುದಿಲ್ಲ. ತೀರಿಹೋದವರ ಬಗ್ಗೆಯೂ ಅವರು ವರ್ತಮಾನದಲ್ಲೇ ಹೇಳುತ್ತಾರೆ. ಉದಾಹರಣೆಗೆ, ‘ಮ್ಹಜೊ ಪೂತ್ ಜೆವ್ತಾ’, ಅಂದರೆ ನನ್ನ ಮಗ ಉಣ್ಣುತ್ತಾನೆ. ನಿನ್ನೆ ನಾಳೆಗಳ ಭೇದವಿಲ್ಲದ ಜನ ಇವರು. ಹೇಳಿದವರು: ಆಂಜೆಲಿನ್.”

ಸೀಗಡಿ ಕೈಯಲ್ಲೇ ಉಳಿಯಿತು.

“ಇದನ್ನ ಕ್ಲಾಸಿನ್ಯಾಗ ಓದಿದ್ರು. ‘ಜ್ಯೂಲಿಗೆ ಪರೀಕ್ಷಾ ಮುಗೀತೇನು ಅಂತ ಕೇಳಬ್ಯಾಡ್ರೋ, ಆಕಿಗೆ ಮುಗಿಯೂದ ಇಲ್ಲ’ ಅಂತ ಹಿಂದಿನ ಬೆಂಚಿನವ್ರು ನಕ್ಕರು. ನಗಲಿ. ಆದ್ರ ಆ ಮಗ ನಮ್ಮಪ್ಪ ಅಲ್ಲೇನು? ಬೈಬಲ್ಲಿನ ಕೆಳಗ ನೀ ಬರದಿಟ್ಟ ಕಾಗದ ಅವಗ ಆಗಲೇ ಕಳಿಸಿದ್ರ ಇದು ಅಚ್ಚ ಆಗ್ತಿತ್ತೇನು?”

ಮತ್ತೆ ಅಚ್ಚು ಮಾಡುತ್ತಾರಂತೆ. ತಪ್ಪಿದ್ದರೆ ಈ ತಿಂಗಳೊಳಗೆ ತಿಳಿಸಿ ಎಂದು ಕೊನೆಯ ಪುಟದಲ್ಲಿತ್ತು. “ಆ ಕಾಗದ ಹೋಗೂತನಕ ನಾ ಕೊಂಕಣಿ ಆಡಂಗಿಲ್ಲ. ಭೂತಕಾಲ ಇಲ್ಲದ ಭಾಷಾ ಇಟಗೊಂಡು ನಾ ಏನ ಮಾಡ್ಲಿ?” ಎಂದು ಒಳಗೆ ಹೋಗಿಬಿಟ್ಟಳು.

ನನಗೆ ಸಿಟ್ಟು ಬರುವುದು ತಡ. ಬಂದರೆ ಬೇಗ ಇಳಿಯುವುದಿಲ್ಲ.

ಆ ಪುಸ್ತಕ ಬರೆದ ಸಾಗರ ಎಂಬ ಹುಡುಗ ಧಾರವಾಡದ ಕಡೆಯಿಂದ ನಮ್ಮ ಮಾತು ಬರೆದುಕೊಳ್ಳಲು ಬಂದದ್ದು ಹಿರಿಯರಿಗೆ ಎಡೆ ಇಡುವ ದಿನ. ನಮ್ಮ ಓಣಿಯಲ್ಲಿ ಕ್ರಿಸ್ತರು, ಮುಸಲ್ಮಾನರು, ಹಿಂದೂಗಳು, ಎಲ್ಲರೂ ಸಿದ್ದಿಗಳೇ. ಆ ದಿನ ಎಲ್ಲರೂ ಒಂದೇ ಮನೆಯಲ್ಲಿ ಸೇರುತ್ತೇವೆ. ಮೂಲೆಯಲ್ಲಿ ಎಲೆ ಹಾಕಿ ತೀರಿಹೋದವರಿಗೆ ಬಡಿಸುತ್ತೇವೆ. ಎಲೆ ಹಾಕಿದಾಗಿನಿಂದ ಎತ್ತುವವರೆಗೆ ಅವರ ಬಗ್ಗೆ ‘ಇದ್ದ’, ‘ಉಂಡ’ ಎಂದು ಯಾರೂ ಬಾಯಿ ಬಿಡಬಾರದು. ಕರೆದು ಕೂರಿಸಿದ ಮೇಲೆ ಇದ್ದ ಎಂದರೆ ಎದ್ದು ಹೋಗು ಎಂದಂತೆ. ನನ್ನ ಅತ್ತೆ ಕಲಿಸಿದ್ದು ಇದು.

“ನಾಳೆ ಬಾರೋ ತಮ್ಮಾ,” ಎಂದೆ. “ಇಲ್ರೀ ಅಜ್ಜಿ, ಇವತ್ತ ವಾಪಸ್ ಹೋಗಬೇಕು,” ಎಂದು ಫೋನನ್ನು ನನ್ನ ಬಾಯಿಗೆ ಹಿಡಿದ. “‘ನನ್ನ ಮಗ ಉಂಡ’ ಅನ್ನೂದನ್ನ ಹೆಂಗ ಹೇಳ್ತೀರಿ?” ಎಂದ.

ಎದುರಿಗೆ ನನ್ನ ಮಗ ಡೇವಿಡನ ಎಲೆ ಇತ್ತು. ಅನ್ನದಿಂದ ಹಬೆ ಏಳುತ್ತಿತ್ತು. ‘ಜೆವ್ತಾ’ ಎಂದೆ. ಮತ್ತೆ ಕೇಳಿದ. ಮತ್ತೆ ಅದನ್ನೇ ಅಂದೆ. ಪಕ್ಕದ ಮನೆಯ ಹಜರಾಬಿಯ ಗಂಡ ಲಾಡಸಾಬನ ಎಲೆಯೂ ಅಲ್ಲೇ ಇತ್ತು. ಅವಳು ತನ್ನ ಉರ್ದುವಿನಲ್ಲಿ ‘ಆಯಾ ಹೈ’, ಬಂದಾನ, ಎಂದಳು. ನಿನ್ನೆಗೆ ಏನಂತೀರಿ ಎಂದದ್ದಕ್ಕೆ ‘ಕಲ್’ ಎಂದಳು, ನಾಳೆಗೂ ‘ಕಲ್’ ಎಂದಳು. ಆ ಹುಡುಗನ ಮುಖ ಅರಳಿತು. ಊಟ ಮಾಡಿಕೊಂಡೇ ಹೋದ.

ಸೀಗಡಿಯ ಮೊರ ಎತ್ತಿಟ್ಟು ಹಜರಾಬಿಯನ್ನು ಕೂಗಿದೆ. ಜ್ಯೂಲಿ ಅವಳಿಗೂ ಓದಿ ಹೇಳಿದಳು.

“ಯಾ ಅಲ್ಲಾ! ಕಲ್ ಆಯಾ ಅಂದ್ರ ನಿನ್ನೆ, ಕಲ್ ಆಯೇಗಾ ಅಂದ್ರ ನಾಳೆ. ಇಷ್ಟು ಸಣ್ಣ ಕೂಸಿಗೂ ತಿಳಿತೈತಿ. ನಮ್ಮ ಮನ್ಯಾಗ ಕೋಳಿ ಉಂಡು ಹೋಗಿ ಹಿಂಗ ಬರಿಯೂದಾ, ಆಂಜೆಲಿನಕ್ಕಾ?”

“ಉಂಡ ಅನ್ನು. ಅದಂತೂ ಭೂತಕಾಲ ಹೌದು,” ಎಂದೆ. ಜ್ಯೂಲಿ ನಗು ತಡೆದುಕೊಂಡಳು.

ನಾನು ಅಕ್ಷರ ಕಲಿತದ್ದು ಮೊಮ್ಮಕ್ಕಳಾದ ಮೇಲೆ, ರಾತ್ರಿ ಶಾಲೆಯಲ್ಲಿ. ಅಲ್ಲಿ ಸುನಂದಾ ಅಕ್ಕೋರು ಕಾಲ ಮೂರು ಎಂದು ಹಲಗೆಯ ಮೇಲೆ ಬರೆದಾಗ ನಾವು ಹೆಂಗಸರೆಲ್ಲ ಅವರವರ ಮಾತಿನಲ್ಲಿ ಹೇಳಿ ನೋಡಿದ್ದೆವು. ಕೊಂಕಣಿಯಲ್ಲಿ ‘ಆಯ್ಲೊ’ ಎಂದರೆ ಬಂದ, ಅಷ್ಟೇ. ‘ಆಯ್ಲಾ’ ಎಂದರೆ ಬಂದವನು ಇನ್ನೂ ಮನೆಯಲ್ಲೇ ಇದ್ದಾನೆ, ಒಂದು ಲೋಟ ಚಹಾ ಹೆಚ್ಚಿಗೆ ಇಡಬೇಕು. ಕನ್ನಡದ ‘ಬಂದಾನ’ವೂ ಹಾಗೆಯೇ. ‘ಬಂದಿದ್ದ’ ಎಂದರೆ ಲೋಟ ತೊಳೆದಿಟ್ಟಾಯಿತು. ಒಂದೊಂದು ಭಾಷೆ ಒಂದೊಂದು ಕಡೆ ಗಂಟು ಹಾಕುತ್ತದೆ. ಇವತ್ತಿಗೂ ‘ಬರ್ತೇನಿ’, ನಾಳೆಗೂ ‘ಬರ್ತೇನಿ’ ಎನ್ನುವ ಧಾರವಾಡದವರಿಗೆ ನಾಳೆ ಎಂಬುದೇ ಇಲ್ಲ ಎಂದು ಯಾರಾದರೂ ಪುಸ್ತಕ ಬರೆದಿದ್ದಾರೆಯೇ? ನಮ್ಮ ಬಗ್ಗೆಯೇ ಯಾಕೆ ಅಷ್ಟು ಬೇಗ ಬರೆಯಬೇಕು? ಒಂದು ರಾತ್ರಿ ಉಳಿದು ಎಲೆ ಎತ್ತಿದ ಮೇಲೆ ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಇದನ್ನೆಲ್ಲ ನಾನು ಆಗಲೇ ಬರೆದಿದ್ದೆ. ಅಚ್ಚಿಗೆ ಮೊದಲು ಆ ಹುಡುಗ ಬರೆದ ಹಾಳೆಯನ್ನು, ಒಳಗೆ ತನ್ನ ವಿಳಾಸವಿದ್ದ ಲಕೋಟೆ ಇಟ್ಟು, ನನಗೆ ಕಳಿಸಿದ್ದ. ಅಷ್ಟು ಮರ್ಯಾದೆ ಅವನಿಗಿತ್ತು, ಸುಳ್ಳು ಹೇಳಲಾರೆ. ಉತ್ತರ ಪೂರ್ತಿ ಬರೆದಿದ್ದೆ, ಕಡೆಯ ಸಾಲೊಂದು ಬಿಟ್ಟು. ‘ಉಂಡ’ ಎನ್ನುವುದಕ್ಕೆ ಸರಿಯಾದ ಮಾತು ಯಾವುದೆಂದು ಹೇಳಬೇಕಲ್ಲ. ಹೇಳಬೇಕಾದರೆ ಡೇವಿಡನನ್ನು ಆ ಮಾತಿನೊಳಗೆ ಇಡಬೇಕು. ಗೋವೆಗೆ ಕೆಲಸಕ್ಕೆ ಹೊರಟವನು ಬಾಗಿಲಲ್ಲಿ ನಿಂತು ‘ಯೆತಾಂ, ಮಾಯ್’, ಬರ್ತೇನಿ ಅವ್ವ, ಎಂದಿದ್ದ. ಅನಮೋಡ ದಾಟಿದ ಮೇಲೆ ಇಳಿಜಾರಿನಲ್ಲಿ ಅವನು ಕೂತಿದ್ದ ಲಾರಿ ಮಗುಚಿತು. ಬಾಯಲ್ಲಿ ಎಷ್ಟೋ ಸಲ ‘ಇದ್ದ’ ಎಂದಿದ್ದೇನೆ, ಅದು ಗಾಳಿಗೆ ಹೋಗುತ್ತದೆ. ನನ್ನ ಕೈಯಿಂದಲೇ ಕಾಗದದ ಮೇಲೆ ಬರೆಯಲು ಆಗಿರಲಿಲ್ಲ. ಲಕೋಟೆ ಬೈಬಲ್ಲಿನ ಕೆಳಗೆ ಉಳಿದುಬಿಟ್ಟಿತು.

ಸಾಬೂನು ಹಚ್ಚಿ ಕೈ ತೊಳೆದೆ. ವಾಸನೆ ಹೋಗಲಿಲ್ಲ, ಇರಲಿ. ಪೆನ್ನು ಹಿಡಿದು ಕೂತೆ. ಜ್ಯೂಲಿ ಬಂದು ಪಕ್ಕದಲ್ಲಿ ನಿಂತಳು.

“ನಾ ಬರೀಲೇನು?”

“ಬ್ಯಾಡ. ಹೇಳಿದವರು ಅಂತ ನನ್ನ ಹೆಸರೈತಿ.”

ಬರೆದೆ: ‘ಮ್ಹಜೊ ಪೂತ್ ಜೆವ್ಲೊ. ನನ್ನ ಮಗ ಉಂಡ. ಅವನ ಹೆಸರು ಡೇವಿಡ್ ಎಂದಿತ್ತು. ಈಗ ಅವನಿಲ್ಲ. ನಮಗೆ ನಿನ್ನೆ ಚೆನ್ನಾಗಿ ಗೊತ್ತಿದೆ. ನನ್ನ ಹೆಸರಿನ ಕೆಳಗೆ ಇರುವುದನ್ನು ತೆಗೆದು ಇದನ್ನು ಹಾಕು. ಇಲ್ಲವಾದರೆ ಹೆಸರನ್ನೇ ತೆಗೆ.’

ಅಕ್ಷರ ಡೊಂಕಾಗಿತ್ತು. ಜ್ಯೂಲಿ ಅದನ್ನು ಓದಿ, ಮಡಚಿ, ಲಕೋಟೆಯೊಳಗೆ ಇಟ್ಟಳು. ಲಕೋಟೆಯ ಅಂಟು ಒಣಗಿಹೋಗಿತ್ತು. ಹಜರಾಬಿ ಅನ್ನದ ಅಗುಳು ತಂದು ತಿಕ್ಕಿ ಅಂಟಿಸಿದಳು. “ಅವಗ ವಾಸನಿ ಬರ್ಲಿ, ನಮ್ಮ ಅನ್ನ ನೆನಪಾಗ್ಲಿ,” ಎಂದಳು.

ಹಳಿಯಾಳದ ಅಂಚೆ ಕಚೇರಿಯವರೆಗೆ ನಾನೇ ಹೋದೆ. ಜ್ಯೂಲಿ ಜೊತೆಗೆ ಬಂದಳು. ಡಬ್ಬಿಯ ಬಾಯಲ್ಲಿ ಲಕೋಟೆಯನ್ನು ಹಿಡಿದು ನಿಂತಿದ್ದೆ. ಹಿಂದೆ ಯಾರೋ ಕೆಮ್ಮಿದರು.

“ಸೋಡ್ ಗೋ, ಆಜಿ,” ಎಂದಳು ಜ್ಯೂಲಿ.

ಬಿಟ್ಟೆ.