ಅದು ಕುರ್ಚಿಯಲ್ಲ

ಮತ್ತೆ ಕುರ್ಚಿ ಮಾಡಿಟ್ಟಿದ್ದಾನೆ ಮೇಲ್ವಿಚಾರಕ, ಕೂಸಿನ ಈ ಹಳೇ ಫೋಟೋದಲ್ಲಿ ಜನ ಎಷ್ಟು ಅನ್ನುವ ಕಡೆ ಬೆಳಿಗ್ಗೆ ನಾನು ಇಬ್ಬರು ಎಂದು ತುಂಬಿದ್ದೆ, ಈಗ ಒಬ್ಬರು, ವಸ್ತುಗಳು ಅನ್ನುವ ಕಡೆ ಬಟ್ಟೆ ಹೊದಿಸಿದ ಕುರ್ಚಿ — ಕುರ್ಚಿಯಂತೆ, ಯಾವ ಕುರ್ಚಿಗೆ ಭುಜ ಇರುತ್ತದೆ, ಯಾವ ಕುರ್ಚಿ ತಲೆ ತಗ್ಗಿಸಿಕೊಂಡು ಕೂರುತ್ತದೆ, ಮಲಗು ಪುಟ್ಟಾ, ನಿನಗಲ್ಲ ಹೇಳಿದ್ದು, ಮೊಮ್ಮಗ ತೊಡೆಯ ಮೇಲೆ ಮಿಸುಕಿದರೆ ಸಾಕು ಎಡಗೈ ತಾನಾಗಿ ತಟ್ಟುತ್ತದೆ, ಬಲಗೈ ಮೌಸಿನ ಮೇಲೆ, ಒಂದು ಕೈ ಅಜ್ಜಿಯದು, ಇನ್ನೊಂದು ನನ್ನದು. ಮುಚ್ಚಿಹೋದ ಯಾವುದೋ ಸ್ಟುಡಿಯೋದ ಹಳೇ ಫೋಟೋಗಳನ್ನು ಸಂಗ್ರಹಾಲಯದವರು ಇಂಟರ್‌ನೆಟ್ಟಿಗೆ ಹಾಕಿದ್ದಾರೆ, ಹಿಂಬದಿಯ ಬರಹವನ್ನು ಟೈಪ್ ಮಾಡಬೇಕು, ಚಿತ್ರದಲ್ಲಿ ಯಾರು, ಏನು, ಎಷ್ಟು ಜನ ಎಂದು ಗುರುತು ಹಾಕಬೇಕು, ಮನೆಯಲ್ಲಿ ಕೂತು ಯಾರು ಬೇಕಾದರೂ ಮಾಡಬಹುದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದೆ, ಮಗಳು ನಗುತ್ತಾಳೆ, ಸಂಬಳ ಇಲ್ಲ, ಏನಿಲ್ಲ, ಯಾರದೋ ಫೋಟೋಗೆ ಇಷ್ಟೊಂದು ತಲೆ ಕೆಡಿಸ್ಕೊಳ್ತೀಯಲ್ಲಮ್ಮಾ, ಕೆಡಿಸಿಕೊಳ್ಳುತ್ತೇನೆ, ತಲೆ ನನ್ನದು, ಅಡುಗೆಮನೆ ಅವಳದು, ಕೂಸು ಅವಳದು, ಈ ಮನೆಯಲ್ಲಿ ನನ್ನದು ಅಂತ ಇರುವುದು ಈ ಖಾತೆಯೊಂದೇ. ಅದನ್ನೂ ಮುಚ್ಚುತ್ತಾನಂತೆ ಆ ಮೇಲ್ವಿಚಾರಕ, ಹದ್ದಿನಕಣ್ಣು ಎಂದು ತನಗೆ ತಾನೇ ಹೆಸರಿಟ್ಟುಕೊಂಡವನು, ಕಡ್ಡಿ ಮುರಿದ ಹಾಗೆ ಬರೆದಿದ್ದಾನೆ, ಕಣ್ಣಿಗೆ ಕಾಣಿಸಿದ್ದನ್ನು ಮಾತ್ರ ಗುರುತಿಸಿ, ಊಹೆ ಬೇಡ, ಇನ್ನೊಮ್ಮೆ ಬದಲಿಸಿದರೆ ನಿಮ್ಮ ಖಾತೆ ಮುಚ್ಚಬೇಕಾಗುತ್ತದೆ. ಊಹೆ ಬೇಡ ಅನ್ನುವುದು ಸರಿ, ಒಪ್ಪುತ್ತೇನೆ, ಆದರೆ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಮಗು, ನಾಲ್ಕು ತಿಂಗಳು ಎಂದಿದೆಯಲ್ಲ, ಇವನ ವಯಸ್ಸೇ, ಇವನನ್ನು ಕುರ್ಚಿಯಲ್ಲಿ ಕೂರಿಸಿ ಕೈ ಬಿಡಪ್ಪಾ ನೋಡೋಣ, ಪಕ್ಕಕ್ಕೆ ವಾಲಿ ಬೀಳುತ್ತಾನೆ, ಚಿತ್ರದ ಕೂಸು ಮಾತ್ರ ನೆಟ್ಟಗೆ ಕೂತಿದೆ, ಅದರ ಸೊಂಟದ ಹತ್ತಿರ ಬಟ್ಟೆ ಉಬ್ಬಿದೆ, ಒಂದರ ಪಕ್ಕ ಒಂದು, ಬೆರಳುಗಳೇ, ಬೇರೆ ಏನಿದ್ದೀತು, ಕೂಸು ಬೀಳದ ಹಾಗೆ ಯಾರೋ ಬಟ್ಟೆಯೊಳಗೆ ಕೂತು ಹಿಡಿದಿದ್ದಾರೆ.

ನಿನ್ನೆಯಷ್ಟೇ ನಾನೂ ಬಟ್ಟೆಯೊಳಗಿದ್ದೆ, ಅದು ಹೇಗೆ ಮರೆತೀತು, ಗುರುತಿನ ಚೀಟಿಗೆ ಕೂಸಿನ ಫೋಟೋ ಬೇಕು, ಹಿಂದೆ ಬರೀ ಬಿಳಿ ಇರಬೇಕು, ಪಕ್ಕದಲ್ಲಿ ಯಾರೂ ಕಾಣಬಾರದು, ಫೋಟೋದವನು ಒಳ್ಳೆಯವನೇ, ಕೂಸನ್ನು ತೊಡೆಯ ಮೇಲೆ ಹಿಡಿದು ಕೂತ ನನ್ನ ತಲೆಯ ಮೇಲೆ ನಗುನಗುತ್ತಲೇ ಬಿಳಿ ದುಪ್ಪಟಿ ಹಾಕಿದ, ಒಳಗೆ ಸೆಕೆ, ಇನ್ಯಾರದೋ ಪೌಡರಿನ ವಾಸನೆ, ದೀಪ ಹತ್ತಿದಾಗ ಎಲ್ಲ ಬೆಳ್ಳಗೆ, ಏನೂ ಕಾಣದು, ಕೂಸಿನ ಬೆನ್ನು ಮಾತ್ರ ಬಿಸಿಯಾಗಿ ಅಂಗೈಗೆ ತಾಗುತ್ತದೆ, ಎಲ್ಲಿ ಜಾರುತ್ತಾನೋ ಎಂದು ಉಸಿರು ಬಿಗಿಹಿಡಿದೆ, ಅಮ್ಮಾ ನಿಮ್ಮ ಕೈ ಕಾಣಿಸ್ತಿದೆ, ಸ್ವಲ್ಪ ಒಳಗೆ ಎಳ್ಕೊಳ್ಳಿ, ಎಳೆದುಕೊಂಡೆ, ಆಗ ಹೊರಗಿನಿಂದ ಮಗಳು, ಅಬ್ಬಾ ನೋಡಿ, ಎಷ್ಟು ಚೆನ್ನಾಗಿ ಕೂತಿದ್ದಾನೆ, ತಾನೇ ಕೂತಿದ್ದಾನೆ — ತಾನೇ! ನಗು ಬಂತು, ನಕ್ಕರೆ ಕೂಸು ಅಲ್ಲಾಡುತ್ತದೆ ಎಂದು ಅದನ್ನೂ ನುಂಗಿದೆ, ಆಮೇಲೆ ಕಣ್ಣು ತುಂಬಿತು, ಯಾಕೆಂದು ಕೇಳುವವರಾರೂ ಇರಲಿಲ್ಲ, ದುಪ್ಪಟಿಯೊಳಗೆ ಅಳುವುದೂ ಒಂದು ಅನುಕೂಲ. ಫೋಟೋ ಚೆನ್ನಾಗಿ ಬಂದಿದೆ, ನಾನೆಲ್ಲೂ ಇಲ್ಲ, ಇರಲಿ, ಚೀಟಿ ಅವನದು, ಆದರೆ ಇನ್ನು ನೂರು ವರ್ಷ ಬಿಟ್ಟು ಯಾವನೋ ಒಬ್ಬ ಹದ್ದು ನನ್ನನ್ನು ಗೋಡೆ ಎಂದು ಬರೆದುಬಿಟ್ಟರೆ, ಆಗುವುದಿಲ್ಲ, ನಾನು ಒಪ್ಪುವುದಿಲ್ಲ. ಹಳೇ ಚಿತ್ರದ ಇವಳು ತಾಯಿಯೋ ಅಜ್ಜಿಯೋ ಮನೆಯ ಆಳೋ, ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಬರೆಯುವುದೂ ಇಲ್ಲ, ಜನ ಎಷ್ಟು, ಇಬ್ಬರು, ವಸ್ತುಗಳು, ಬಟ್ಟೆ ಒಂದೇ, ಷರಾ ಬರೆಯುವ ಜಾಗದಲ್ಲಿ ಬಟ್ಟೆಯ ಕೆಳಗೆ ಮಗುವನ್ನು ಹಿಡಿದು ಕೂತ ಒಬ್ಬರು, ಮುಚ್ಚಿಕೊಳ್ಳಲಿ ಖಾತೆ, ಇನ್ನೊಂದು ಹೆಸರಿನಲ್ಲಿ ಬರುತ್ತೇನೆ, ಮಗಳ ಹೆಸರಿನಲ್ಲಿ ಬರುತ್ತೇನೆ, ಇವನ ಹೆಸರಿನಲ್ಲೇ ಬರುತ್ತೇನೆ, ಒತ್ತಿದೆ, ಉಳಿಸಿ ಅನ್ನುವುದರ ಮೇಲೆ ಒತ್ತಿಯೇಬಿಟ್ಟೆ, ಪರದೆಯ ಮೇಲೆ ಚಕ್ರ ತಿರುಗುತ್ತಿದೆ, ತಿರುಗಲಿ, ಅಷ್ಟರಲ್ಲಿ ಇನ್ನೊಂದು ಸಲ ಚಿತ್ರ ದೊಡ್ಡದು ಮಾಡುತ್ತೇನೆ, ಸೊಂಟ, ಬಟ್ಟೆಯ ಉಬ್ಬು, ಬೆರಳು, ಇನ್ನೂ ದೊಡ್ಡದು — ಅಯ್ಯೋ, ಇದನ್ನು ನಾನೂ ನೋಡಿರಲಿಲ್ಲವಲ್ಲ, ಹದ್ದಿನಕಣ್ಣೂ ನೋಡಿಲ್ಲ, ಕೂಸಿನ ಮುಷ್ಟಿ, ಬಟ್ಟೆ ಸಮೇತ ಒಂದು ಬೆರಳನ್ನು ಹಿಡಿದುಕೊಂಡಿದೆ, ಬಿಗಿಯಾಗಿ, ಆ ಬೆರಳು, ಆ ಮುಷ್ಟಿ, ಬಿಟ್ಟಿಲ್ಲ, ಇನ್ನೂ ಬಿಟ್ಟಿಲ್ಲ